ಮೇಲಿನ ಕೋಣೆಯ ಹಳೇ ಕೇಬಲ್

"ಮನೇಲಿ ದೊಡ್ಡೋರು ಯಾರೂ ಇಲ್ವಾ?"

ಬಾಗಿಲಲ್ಲಿ ನಿಂತು ಹಾಗೆ ಕೇಳಿದವನು ಇಂಟರ್ನೆಟ್ ರಿಪೇರಿಯವನು. ಕೇಳಿಸಿಕೊಂಡವಳಿಗೆ ಮೂವತ್ತು ದಾಟಿತ್ತು.

"ನಾನು ನಿಮ್ಮ ಕಣ್ಣಿಗೆ ಹೇಗೆ ಕಾಣ್ತಿದ್ದೀನಿ? ತೊಟ್ಟಿಲಿಂದ ಎದ್ದು ಬಂದ ಹಾಗಾ?"

ಅವನ ಕಿವಿ ಕೆಂಪಾಯಿತು. "ಅಯ್ಯೋ, ಹಾಗಲ್ಲ ಮೇಡಂ. ಕನೆಕ್ಷನ್ ನಿಮ್ಮಣ್ಣನ ಹೆಸರಲ್ಲಿದೆ. ಅದಕ್ಕೆ..."

"ಹೆಸರು ಅವನದು, ಗೋಳು ನನ್ನದು. ಬನ್ನಿ ಒಳಗೆ."

ಅವಳು ಸ್ಪೀಚ್ ಥೆರಪಿಸ್ಟ್. ಬೀದಿಯವರ ಬಾಯಲ್ಲಿ 'ಮಾತಿನ ಟೀಚರ್'. ಬೆಳಿಗ್ಗೆ ಆಸ್ಪತ್ರೆ, ಮಧ್ಯಾಹ್ನದ ಮೇಲೆ ಮನೆಯಿಂದಲೇ ವಿಡಿಯೋ ಕಾಲ್‌ನಲ್ಲಿ ಪಾಠ. ಅವಳ ಕೋಣೆ ಎಲ್ಲಕ್ಕಿಂತ ಮೇಲಿನದು, ರೌಟರ್ ಕೆಳಗೆ ಹಾಲ್‌ನಲ್ಲಿ. ನಡುವೆ ಮೊಳ ದಪ್ಪದ ಗೋಡೆಗಳು. ವೈಫೈ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು.

ಹಿಂದಿನ ದಿನ ಆದದ್ದನ್ನಂತೂ ಅವಳು ಅವನ ಮುಂದೆ ಸಿಟ್ಟಿನಲ್ಲೇ ಹೇಳಿಕೊಂಡಳು. ಲಕ್ವ ಹೊಡೆದು ಮಾತು ಕಳೆದುಕೊಂಡ ಟೈಲರ್ ತಾತ ಒಬ್ಬರಿದ್ದರು. ಎಷ್ಟೋ ತಿಂಗಳ ಸಾಹಸದ ಮೇಲೆ ಅವರ ತುಟಿ ಕೂಡಿತ್ತು, ದನಿ ಗಂಟಲವರೆಗೆ ಬಂದಿತ್ತು. ಅಷ್ಟರಲ್ಲಿ ಸ್ಕ್ರೀನ್ ಕಲ್ಲಾಯಿತು. ಮತ್ತೆ ಲೈನ್ ಬಂದಾಗ ತಾತ ಗೋಡೆಗೆ ಮುಖ ಮಾಡಿ ಅಳುತ್ತಿದ್ದರು. ಅಣ್ಣನಿಗೆ ಹೇಳಿದರೆ, "ಆ ಮಾತನ್ನ ನಾಳೆ ಹೇಳಿಸಿದರಾಯ್ತು ಬಿಡೇ" ಎಂದಿದ್ದ.

ರಿಪೇರಿಯವನು ಇದನ್ನೆಲ್ಲ ನಿಂತೇ ಕೇಳಿದ. ಕೇಳುವಾಗ ಅವನ ಕಣ್ಣು ಆಚೆ ಈಚೆ ಹೋಗಲಿಲ್ಲ ಎಂಬುದನ್ನು ಅವಳು, ಕೋಪದ ನಡುವೆಯೂ, ಗಮನಿಸಿದಳು.

"ಹೊಸ ವೈರ್ ಎಳೆಯೋದಾದ್ರೆ ಗೋಡೆ ಕೊರೀಬೇಕು."

"ಕೊರೆಯೋಕೆ ಅಣ್ಣ ಬಿಡಲ್ಲ. ಹೊಸ ಪೇಂಟ್ ಅಂತೆ."

ಅವನು ಕೋಣೆಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಬಣ್ಣದಡಿ ಮುಚ್ಚಿಹೋಗಿದ್ದ ಒಂದು ಸಾಕೆಟ್ಟನ್ನು ಉಗುರಿನಿಂದ ಕೆರೆದ. "ಇಲ್ಲಿ ಟೀವಿ ಇತ್ತಾ?"

"ಅಪ್ಪ ಕಾಯಿಲೆ ಬಿದ್ದಾಗ ಈ ಕೋಣೇಲೇ ಇದ್ದರು. ಅವರಿಗೆ ಅಂತ ಹಾಕ್ಸಿದ್ದು."

"ಹಾಗಾದ್ರೆ ಕೇಬಲ್ ಗೋಡೆಯೊಳಗೇ ಇದೆ. ಕೆಳಗೆ ರೌಟರ್ ಹತ್ರ ಒಂದು ಪುಟ್ಟ ಡಬ್ಬಿ, ಇಲ್ಲೊಂದು. ಟೀವಿ ಹೋಗ್ತಿದ್ದ ದಾರೀಲೇ ಇಂಟರ್ನೆಟ್ ಬರುತ್ತೆ. ಒಂದು ತೂತೂ ಬೇಡ." ಅವನು ಅವಳತ್ತ ತಿರುಗಿ ನಕ್ಕ. ಎಡಗೆನ್ನೆಯಲ್ಲಷ್ಟೇ ಒಂದು ಗುಳಿ ಬಿತ್ತು. ಇನ್ನೊಂದು ಕೆನ್ನೆಗೆ ಯಾಕಿಲ್ಲ ಎಂದು ಅವಳು ಹುಡುಕಿ, ಹುಡುಕಿದ್ದಕ್ಕೆ ತನ್ನ ಮೇಲೇ ಸಿಟ್ಟಾದಳು.

ಎರಡು ದಿನ ಬಿಟ್ಟು ಅವನು ಡಬ್ಬಿಗಳನ್ನು ತಂದಾಗ ಅವಳು ಆಸ್ಪತ್ರೆಯಲ್ಲಿದ್ದಳು. ಮನೆಗೆ ಬಂದು ನೋಡಿದರೆ ಮೇಲಿನ ಕೋಣೆಯ ಸಾಕೆಟ್ ಬೋಳು ಬೋಳು! ಎರಡನೇ ಡಬ್ಬಿ ಅಣ್ಣನ ಮಲಗುವ ಕೋಣೆಯಲ್ಲಿ, ಅವನ ಹೊಸ ಟೀವಿಯ ಹಿಂದೆ ಮಿಣಮಿಣ ಮಿನುಗುತ್ತಿತ್ತು.

ಚಪ್ಪಲಿ ಬಿಡದೆ ಬಂದ ಕಾಲಲ್ಲೇ ಹೊರಟು ರಿಪೇರಿಯವನ ಅಂಗಡಿಗೆ ಹೋದಳು.

"ಯಾರನ್ನ ಕೇಳಿ ಅಲ್ಲಿ ಹಾಕಿದ್ರಿ?"

"ನೀವೇ ಒಪ್ಪಿದ್ದೀರಿ ಅಂದ್ರು ನಿಮ್ಮಣ್ಣ."

"ನನ್ನ ಕೇಳಿದ್ರಾ?"

"ಇಲ್ಲ."

"ಫೋನ್ ನಂಬರ್ ಇತ್ತಲ್ಲ?"

"ಇತ್ತು. ಕೇಳಬೇಕಿತ್ತು. ತಪ್ಪಾಯ್ತು."

ದಾರಿಯುದ್ದಕ್ಕೂ ಮಸೆದು ತಂದಿದ್ದ ಮಾತುಗಳೆಲ್ಲ ದಂಡವಾದವು. ನೆಪ ಹೇಳುವವನ ಜೊತೆ ಜಗಳ ಆಡಬಹುದು. ತಲೆ ತಗ್ಗಿಸಿ ನಿಂತವನನ್ನು ಏನು ಮಾಡುವುದು?

"ಈಗಲೇ ಬರ್ತೀನಿ, ಸರಿ ಮಾಡ್ತೀನಿ," ಎಂದು ಅವನು ಚೀಲ ಎತ್ತಿಕೊಂಡ.

ಮೆಟ್ಟಿಲ ಬುಡದಲ್ಲೇ ಅಣ್ಣ ಅಡ್ಡ ನಿಂತ. "ಏನಪ್ಪಾ ಮತ್ತೆ ಬಂದೆ? ಎಲ್ಲ ಸರಿಯಾಗೇ ಇದೆಯಲ್ಲ."

"ನಂಗೆ ಸರಿ ಇಲ್ಲ," ಎಂದಳು ಅವಳು.

"ನಿಂದೇನೇ ಅಂಥಾ ಅರ್ಜೆಂಟು? ಫೋನ್ ಮುಂದೆ ಕೂತು ಆ, ಊ ಅನ್ನಿಸೋ ಕೆಲಸ."

ಅವಳು ಅಣ್ಣನಿಗೆ ಎದುರಾಗಿ ನಿಂತಳು. "ಅಪ್ಪ ಕೊನೇಲಿ ನೀರು ಬೇಕು ಅನ್ನೋಕಾಗದೆ ಮಂಚ ಬಡೀತಿದ್ರಲ್ಲ, ಆಗ ಒಂದು 'ಆ'ಗೆ ಎಷ್ಟು ಬೆಲೆ ಇತ್ತು ಅಂತ ಮರೆತುಬಿಟ್ಯಾ? ಎದ್ದೆದ್ದು ಓಡಿದ್ದು ನಾನು ಮತ್ತೆ ಅತ್ತಿಗೆ. ನೀನು ಕೆಳಗೆ ಟೀವಿ ನೋಡ್ತಿದ್ದೆ!"

ಅಣ್ಣ ರಿಪೇರಿಯವನತ್ತ ತಿರುಗಿ, "ನೀನೇ ಹೇಳಪ್ಪಾ, ಒಂದು ಸಲ ಹಾಕಿದ್ದನ್ನ ತೆಗೆಯೋದು ಸರೀನಾ?" ಎಂದ.

"ತಪ್ಪು ಜಾಗದಲ್ಲಿ ಹಾಕಿದ್ದನ್ನ ತೆಗೀಬೇಕು ಸಾರ್," ಎಂದ ಅವನು.

ಅಷ್ಟರಲ್ಲಿ ಅತ್ತಿಗೆ ಅಣ್ಣನ ಕೋಣೆಯಿಂದ ಹೊರಬಂದಳು, ಕೈಯಲ್ಲಿ ಆ ಡಬ್ಬಿ. "ತಗೊಳ್ಳೇ. ಇವರ ಟೀವಿ ಸದ್ದಿಗೆ ನನಗೂ ತಲೆನೋವು ಬಂದಿತ್ತು."

ಡಬ್ಬಿ ಮೇಲೆ ಹೋಯಿತು. ದೀಪ ಮಾತ್ರ ಹತ್ತಲಿಲ್ಲ.

"ಲೈನ್ ಮೂರು ಕೋಣೆಗೂ ಕವಲೊಡೆಯೋ ಜಾಗ ಒಂದಿರುತ್ತೆ. ಮೇಲಿನ ಕವಲು ಅಲ್ಲೇ ಕೆಟ್ಟಿರಬೇಕು," ಎಂದು ಅವನು ಮೆಟ್ಟಿಲ ಕೆಳಗಿನ ಗೂಡಿಗೆ ತೂರಿಕೊಂಡ. ಅವಳು ಟಾರ್ಚ್ ಹಿಡಿದಳು. ಇಬ್ಬರಿಗೆ ಸಾಲದ ಜಾಗ. ಅವನು ಕವಲಿನ ಜಾಗದಲ್ಲಿದ್ದ ತುಕ್ಕು ಹಿಡಿದ ಸ್ಪ್ಲಿಟರ್ ಬಿಚ್ಚಿ, ವೈರಿನ ತುದಿ ಕತ್ತರಿಸಿ, ಹೊಸದನ್ನು ತಿರುಗಿಸಿ ಕೂರಿಸುತ್ತಿದ್ದರೆ ಅವಳ ಕಣ್ಣು ಅವನ ಕೂದಲಿಗೆ ಅಂಟಿದ ಜೇಡರ ಬಲೆಯ ಮೇಲೆ.

"ಟಾರ್ಚ್ ಇತ್ತ ಕಡೆ ಟೀಚರ್. ನನ್ನ ತಲೇಲಿ ವೈರ್ ಇಲ್ಲ."

"ನಿಮ್ಮ ತಲೇಲಿ ಏನೂ ಇಲ್ಲ ಅಂತ ಮೊದಲ ದಿನ ಬಾಗಿಲಲ್ಲೇ ಗೊತ್ತಾಯ್ತು," ಎಂದು ಅವಳು ಆ ಬಲೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಎಳೆದು ತೆಗೆದಳು. ಅವನ ಕೈ ಒಂದು ಗಳಿಗೆ ಕೆಲಸ ಮರೆಯಿತು.

ಮೇಲೆ ಹಸಿರು ದೀಪ ಹತ್ತಿದಾಗ ತಾತನ ಪಾಠದ ಹೊತ್ತಾಗಿತ್ತು. ಸ್ಕ್ರೀನಿನಲ್ಲಿ ತಾತ, ಪಕ್ಕದಲ್ಲಿ ಎಂದಿನಂತೆ ಅವರ ಹೆಂಡತಿ, ಅಜ್ಜಿ. "ಹೇಳಿ ಅಂದ್ರೆ ಹೇಳಬೇಕು ಕಣ್ರೀ, ತುಟಿ ಹಾಗಲ್ಲ, ಹೀಗೆ..." ಅಜ್ಜಿಯ ಬಾಯಿಗೆ ಬಿಡುವಿಲ್ಲ. ತಾತನ ಮುಖ ಕೆಂಪಗಾಯಿತು, ಕತ್ತಿನ ನರ ಉಬ್ಬಿತು. ಚಿತ್ರ ಈ ಸಲ ಎಲ್ಲೂ ನಿಲ್ಲಲಿಲ್ಲ.

"ಸುಮ್... ಸುಮ್ನಿರೇ!"

ಅಜ್ಜಿ ಸುಮ್ಮನಾದಳು. ಆಮೇಲೆ ಸೆರಗು ಬಾಯಿಗೊತ್ತಿಕೊಂಡು, "ಇನ್ನೊಂದ್ಸಲ ಬೈರಿ," ಎಂದು ಅತ್ತಳು.

ಬಾಗಿಲ ಹೊರಗೆ ಚೀಲ ಹಿಡಿದು ನಿಂತವನ ಕಣ್ಣೂ ಒದ್ದೆಯಾಗಿತ್ತು. ಕಾಲ್ ಮುಗಿಸಿ ಬಂದವಳಿಗೆ ಅವನು, "ಲೈನ್ ಗಟ್ಟಿಯಾಗಿದೆ. ಇನ್ನು ನನ್ನ ಅಗತ್ಯ ಬೀಳಲ್ಲ," ಎಂದ.

"ಅದನ್ನ ನಿರ್ಧಾರ ಮಾಡೋಕೆ ನೀವ್ಯಾರು?" ಅವಳಿಗೆ ನಿಜಕ್ಕೂ ರೇಗಿತು. "ಒಂದು ಚಹಾ ಕುಡಿಯೋಣ ಅನ್ನೋಕೂ ಬರಲ್ವಾ ನಿಮಗೆ?"

ಬಂತು. ಆ ವಾರ ಒಂದು ಚಹಾ, ಮುಂದಿನ ವಾರ ಇನ್ನೊಂದು. ಬರುಬರುತ್ತಾ ತಿರುವಿನ ಚಹಾದಂಗಡಿಯವನು ಅವರನ್ನು ಕಂಡರೆ ಕೇಳದೆಯೇ ಎರಡು ಲೋಟ ಇಡತೊಡಗಿದ. ಅವಳು ಆಸ್ಪತ್ರೆಯ ಡಾಕ್ಟರರ ಮೇಲೆ, ಪೇಷೆಂಟ್‌ಗಳ ಮಕ್ಕಳ ಮೇಲೆ ಸಿಟ್ಟು ಕಾರುತ್ತಿದ್ದಳು. ಅವನು ಕೇಳುತ್ತಿದ್ದ. ಆರು ತಿಂಗಳು ಕಳೆದ ಮೇಲೆ ಒಂದು ಸಂಜೆ, ಅವಳು ಯಾರನ್ನೋ ಬೈಯುತ್ತಾ ಉಸಿರು ತೆಗೆದುಕೊಂಡ ಸಂದಿನಲ್ಲಿ ಅವನು ಹೇಳಿದ:

"ನಿಮ್ಮಣ್ಣನ ಹತ್ರ ಮಾತಾಡು ಅಂತಿದ್ದಾರೆ ನಮ್ಮಮ್ಮ."

"ಯಾವ ವಿಷಯ?"

"ಮದುವೆ ವಿಷಯ. ಮೊದಲು ಅಲ್ಲಿಗೆ ಹೋಗಲ್ಲ, ಅವಳನ್ನೇ ಕೇಳ್ತೀನಿ ಅಂದೆ."

ಅವಳ ಲೋಟ ತುಟಿಯ ಬಳಿಯೇ ನಿಂತಿತು. "ಹಾಗಾದ್ರೆ ಕೇಳಿ. ಅರ್ಧಂಬರ್ಧ ಬೇಡ, ಪೂರ್ತಿ ವಾಕ್ಯದಲ್ಲಿ."

ಅವನು ಲೋಟ ಕೆಳಗಿಟ್ಟು, ಅಂಗಿ ಸರಿಮಾಡಿಕೊಂಡ. "ನಿಮ್ಮ ಜೊತೆ ಬಾಳಬೇಕು ಅಂತ ನನಗೆ ತುಂಬಾ ಆಸೆ. ನೀವು ನನ್ನನ್ನ ಮದುವೆ ಆಗ್ತೀರಾ?"

ಅವಳು ಮುಖ ತಿರುಗಿಸಿಕೊಂಡಳು. ಕಣ್ಣು ತುಂಬಿದ್ದನ್ನು ಅವನು ನೋಡುವುದು ಬೇಡವಾಗಿತ್ತು. "ಹೂಂ."

"ಇದು ಪೂರ್ತಿ ವಾಕ್ಯ ಅಲ್ಲ ಟೀಚರ್."

"ಆಗ್ತೀನಿ ಅಂದೆನಲ್ಲ ಕಣ್ರೀ!"

ಅಂಗಡಿಯವರೆಲ್ಲ ತಿರುಗಿ ನೋಡಿದರು. ಅವಳು ಅವರನ್ನೆಲ್ಲ ಒಂದು ಸುತ್ತು ದುರುಗುಟ್ಟಿ ನೋಡಿ, ಎಲ್ಲರ ಎದುರಿಗೇ ಅವನ ಕೈ ಹಿಡಿದುಕೊಂಡಳು.