ಗೋಡೆಯ ಮೇಲೆ ಓಡುತ್ತಿದ್ದ ತಮ್ಮ

"ಬ್ರಶ್ ಕೆಳಗಿಡಿ."

ಏಣಿಯ ಮೇಲಿದ್ದ ಪೇಂಟರ್ ತಿರುಗಿ ನೋಡಿದ. ಕೆಳಗೆ ನರ್ಸ್ ಸಮವಸ್ತ್ರದ ಹುಡುಗಿಯೊಬ್ಬಳು ನಿಂತಿದ್ದಳು. ಗೋಡೆಯ ಹಳೆಯ ಜಾಹೀರಾತಿನಲ್ಲಿ ಹೊಸ ಶೂ ತೊಟ್ಟು ಓಡುತ್ತಿದ್ದ ಬಾಲಕನ ಕೈಗಳು ಆಗಲೇ ಸುಣ್ಣದಡಿ ಮಾಯವಾಗಿದ್ದವು.

"ಅವನು ನನ್ನ ತಮ್ಮ... ಈಗಿಲ್ಲ. ಅಮ್ಮ ದಿನಾ ಬಂದು ನೋಡೋ ಮುಖ ಅದು."

"ಕಟ್ಟಡ ಮಾರಿಬಿಟ್ಟಿದ್ದಾರೆ ಮೇಡಂ. ನಾಳೆಯೊಳಗೆ ಮುಗಿಸ್ಬೇಕು."

"ನಿಮ್ಮದೇನು ಕಲ್ಲಿನ ಎದೆಯಾ?"

ಅವನು ಬ್ರಶ್ಶನ್ನು ಡಬ್ಬಿಯೊಳಗಿಟ್ಟ. ಅವಳು ಕಣ್ಣೊರೆಸಿಕೊಳ್ಳುತ್ತ ಡ್ಯೂಟಿಗೆ ಹೋದಳು.

ಶೂ ಕಂಪನಿಯವರು ಆರಿಸಿದಾಗ ತಮ್ಮನಿಗೆ ಆರು ವರ್ಷ. ಜಾಹೀರಾತು ಟಿವಿಗೆ ಬರುವ ಮೊದಲೇ ಅವನು ಜ್ವರದಲ್ಲಿ ತೀರಿಹೋದ. ಆಮೇಲೂ ವರ್ಷವಿಡೀ, ಕಾರ್ಟೂನ್‌ಗಳ ನಡುವೆ, ನಗುನಗುತ್ತ ಓಡುತ್ತಲೇ ಇದ್ದ. ಶೂ ಕೊಂಡವರಿಗೆ ಸೀಟಿ ಉಚಿತ. ಅಕ್ಕನ ತರಗತಿಯ ಮಕ್ಕಳೆಲ್ಲ ಅದನ್ನು ಊದುತ್ತ, ಜಾಹೀರಾತಿನ ಹಾಡು ಹೇಳುತ್ತ ಬಂದರೆ ಅವಳು ಕಿವಿ ಮುಚ್ಚಿಕೊಂಡು ಕೂರುತ್ತಿದ್ದಳು.

ಮರುದಿನ ಗೋಡೆ ಪೂರ್ತಿ ಬಿಳಿಯಾಗಿತ್ತು.

ಕಟುಕ... ಅಮ್ಮನಿಗೆ ಹೇಗೆ ಹೇಳಲಿ? ಎಂದುಕೊಳ್ಳುತ್ತ ಅವಳು ಮನೆಗೆ ಬಂದಳು.

ಆದರೆ ಅಮ್ಮನೇ ಮೊದಲು ಮಾತೆತ್ತಿದಳು.

"ಆ ಪೇಂಟರ್ ನಿನ್ನೆ ಮನೆ ಹುಡುಕ್ಕೊಂಡು ಬಂದಿದ್ದ ಕಣೇ. ಬೇಡ ಅಂದ್ರೆ ಕೆಲಸ ಬಿಡ್ತೀನಿ ಅಂದ. ನಾನೇ ಅಳಿಸಪ್ಪಾ ಅಂದೆ."

"ಅಮ್ಮಾ..."

"ಎಷ್ಟು ವರ್ಷ ಅಂತ ಓಡ್ತಾನೆ ಕೂಸು? ನೋಡಿ ನೋಡಿ ನನಗೇ ಕಾಲು ಸೋತೋಯ್ತು."

ಅಮ್ಮ ಮಗಳ ಮಡಿಲಲ್ಲಿ ಮುಖವಿಟ್ಟು ಅತ್ತಳು. ಮಗ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಅವಳು ಕ್ಷಮೆ ಕೇಳಲು ಹೋದಾಗ ಪೇಂಟರ್ ಬ್ರಶ್ ತೊಳೆಯುತ್ತಿದ್ದ.

"ಆ ಶೂ ಬೇಕು ಅಂತ ಹಟ ಮಾಡಿ ಅಪ್ಪನ ಹತ್ರ ಏಟು ತಿಂದಿದ್ದೆ," ಎಂದ. "ಟಿವೀಲಿ ಆ ಹುಡುಗನ್ನ ಕಂಡ್ರೆ ಹೊಟ್ಟೆಕಿಚ್ಚು. ಅವನು ಆಗ್ಲೇ ಬದುಕಿರ್ಲಿಲ್ಲ ಅಂತ ಯಾರಿಗೆ ಗೊತ್ತಿತ್ತು..."

ಅಂದಿನಿಂದ ಅವನು ಮನೆಗೆ ಬರತೊಡಗಿದ. ಅಮ್ಮ ಹಾಸಿಗೆ ಹಿಡಿದ ಮೇಲೆ ಔಷಧಿ ತಂದ, ಎತ್ತಿ ಕೂರಿಸಿದ. ಕೊನೆಗೆ ಹೆಣಕ್ಕೆ ಹೆಗಲೂ ಕೊಟ್ಟ. ಆಮೇಲೆ ಬರುವುದನ್ನೇ ನಿಲ್ಲಿಸಿಬಿಟ್ಟ.

ಕರುಣೆಯಿಂದ ಬರುತ್ತಿದ್ದನೇ? ಅಷ್ಟೇ ಏನು?

ತಡೆಯಲಾರದೆ ಅವಳು ಅವನ ಕೋಣೆಯ ಬಾಗಿಲು ತಟ್ಟಿದಳು.

"ಯಾಕೆ ಬರ್ತಿಲ್ಲ?"

"ಅಮ್ಮ ಇಲ್ವಲ್ಲ. ಜನ ಏನಂತಾರೋ... ನೀವೇನು ಅಂದ್ಕೋತೀರೋ ಅಂತ."

"ನಾನು ಏನು ಅಂದ್ಕೋಬೇಕು ಅಂತಿತ್ತು ನಿಮಗೆ?"

"ನನ್ನವನು ಅಂತ."

ಅವಳ ಕಣ್ಣು ತುಂಬಿತು.

"ಒಬ್ಬಳೇ ಕೂತು ಉಣ್ಣೋಕೆ ಆಗ್ತಿಲ್ಲ."

"ಎಷ್ಟೊತ್ತಿಗೆ ಬರ್ಲಿ?"

"ಈಗ್ಲೇ ಬಾಗಿಲು ಹಾಕ್ಕೊಂಡು ಬಾ. ಇಲ್ಲೇ ನಿಂತಿರ್ತೀನಿ."