ಮಣಿಕಟ್ಟಿನ ಟೇಪು

ಮೂರು ವಾರದ ಹಿಂದೆ ಅವನು ನನ್ನ ಬೆನ್ನ ಹಿಂದೆ ನಿಂತು "ಹದಿನೇಳು" ಎಂದಾಗ ನನಗೆ ಮೈ ಉರಿದುಹೋಗಿತ್ತು.

"ಏನ್ ಹದಿನೇಳು?"

"ಒಬ್ಬರ ಜ್ವರ ಎಷ್ಟು ಅಂತ ಬರೆಯೋಕೆ ನೀವು ಹದಿನೇಳು ಸಲ ಕ್ಲಿಕ್ ಮಾಡಿದ್ರಿ."

ನಾನು ಈ ವಾರ್ಡಿನ ನರ್ಸ್. ನನ್ನಲ್ಲಿ ತಪ್ಪು ಹುಡುಕಲು ಆಫೀಸಿನವರು ಕಳಿಸಿದ ಗೂಢಚಾರನೆಂದೇ ತಿಳಿದೆ. "ಎಣಿಸೋ ಆಸೆ ಇದ್ರೆ ಆ ಕಡೆ ಬೆಡ್‌ಪ್ಯಾನ್ ಇವೆ, ಹೋಗಿ ಎಣಿಸಿ" ಎಂದೆ. ಪುಣ್ಯಾತ್ಮ ನಿಜಕ್ಕೂ ಹೋಗಿ ಎಣಿಸಿಕೊಂಡು ಬಂದ.

"ಒಂಬತ್ತು. ಒಂದಕ್ಕೆ ಮುಚ್ಚಳ ಇಲ್ಲ."

ಅವನು ಡಿಸೈನರ್, ನಾವು ದಿನವೂ ಶಪಿಸುವ ಕಂಪ್ಯೂಟರ್ ಪರದೆಯನ್ನು ಹೊಸದಾಗಿ ರೂಪಿಸಲು ಬಂದವನು ಎಂದು ಆಮೇಲೆ ಗೊತ್ತಾಯಿತು. ಆ ಹದಿನೇಳು ಕ್ಲಿಕ್ಕಿನ ಕಾಟಕ್ಕೇ ನಾನು ಮಣಿಕಟ್ಟಿಗೆ ಬಿಳಿ ಟೇಪು ಅಂಟಿಸಿ, ಜ್ವರ, ಬಿಪಿ ಎಲ್ಲ ಅದರ ಮೇಲೆ ಗೀಚಿಕೊಳ್ಳುತ್ತಿದ್ದೆ. ಟೇಪಿನ ಮೇಲಿರುವುದೆಲ್ಲ ಶಿಫ್ಟ್ ಮುಗಿಯುವುದರೊಳಗೆ ದಾಖಲಾಗಬೇಕು. ಇದು ನಾವು ನರ್ಸ್‌ಗಳೇ ಮಾಡಿಕೊಂಡ ಕಾನೂನು. ಅವನು ಅದನ್ನೂ ಬರೆದುಕೊಂಡ.

ನಮ್ಮ ವಾರ್ಡಿನ ಪರದೆಯಲ್ಲಿ ಹದಿನೇಳು ಕ್ಲಿಕ್ ಒಂಬತ್ತಾಯಿತು, ಒಂಬತ್ತು ನಾಲ್ಕಾಯಿತು. ನನ್ನ ನೆಮ್ಮದಿಯೂ ಅದೇ ಲೆಕ್ಕದಲ್ಲಿ ಇಳಿಯಿತು. ಅವನು ಹತ್ತು ನಿಮಿಷ ತಡವಾದರೆ ಬಾಗಿಲಿನ ಕಡೆಗೇ ಕಣ್ಣು. ಬಂದರೆ ಸುಮ್ಮಸುಮ್ಮನೆ ಸಿಡುಕು.

ಇವತ್ತು ಕೊನೆಯ ದಿನ. ಎರಡು ಗಂಟೆಗೆ ಶಿಫ್ಟ್ ಮುಗಿಯುವುದರೊಳಗೆ ನಾನು ಒಪ್ಪಿಗೆಯ ಫಾರ್ಮಿಗೆ ಸಹಿ ಹಾಕಿದರೆ ಹೊಸ ಪರದೆ ಎಲ್ಲ ವಾರ್ಡಿಗೂ ಹೋಗುತ್ತದೆ. ಅವನು ಬೇರೆ ಊರಿನ ಆಸ್ಪತ್ರೆಗೆ ಹೋಗುತ್ತಾನೆ. ಹಾಕದಿದ್ದರೆ ಇನ್ನೊಂದು ವಾರ ಇಲ್ಲೇ. ಬೆಳಗಿನಿಂದ ನಿಂತಲ್ಲಿ ನಿಲ್ಲಲಾಗದೆ ತಪ್ಪು ಹುಡುಕುತ್ತಿದ್ದೆ.

"ಅಕ್ಷರ ಚಿಕ್ಕದಾಯ್ತು."

"ನಿನ್ನೆ ದೊಡ್ಡದಾಯ್ತು ಅಂದ್ರಿ."

"ಸೇವ್ ಬಟನ್ ಎಡಗಡೆ ಯಾಕೆ? ಎಲ್ಲಾ ಕಡೆ ಬಲಕ್ಕಿರುತ್ತೆ."

ಅವನು ತಲೆ ಎತ್ತಲಿಲ್ಲ. "ನೀವು ಪೇಷಂಟ್ ಕೈಯನ್ನ ಬಲಗೈಯಲ್ಲಿ ಹಿಡ್ಕೊಂಡಿರ್ತೀರಿ. ಬಟನ್ ಒತ್ತೋಕೆ ಅಂತ ಅದನ್ನ ಬಿಡೋದು ನಿಮಗೆ ಇಷ್ಟ ಆಗಲ್ಲ."

ನನ್ನ ಬಗ್ಗೆ ನನಗೇ ಗೊತ್ತಿರದ ಸಂಗತಿ. ಅವನ ಮುಖವನ್ನೇ ನೋಡುತ್ತ ನಿಂತೆ.

ಆರನೇ ಬೆಡ್ಡಿನ ಅಜ್ಜಿ ಕಿಸಕ್ಕನೆ ನಕ್ಕಳು. "ಅವನ ಮುಖ ನೋಡ್ತಾ ಕಂಪ್ಯೂಟರಲ್ಲಿ ತಪ್ಪು ಹುಡುಕಿದ್ರೆ ಹೇಗೆ ಸಿಗುತ್ತೆ ಮಗಳೇ?"

ಆಗಲೇ ಪಕ್ಕದ ವಾರ್ಡಿನ ಗೆಳತಿ ಬಾಗಿಲಲ್ಲಿ ಹಾದುಹೋದಳು. ಮಣಿಕಟ್ಟಿನಿಂದ ಮೊಣಕೈವರೆಗೂ ಟೇಪು. ಊಟ ಆಯಿತೇ ಎಂದು ಸನ್ನೆ ಮಾಡಿದೆ, ಇಲ್ಲವೆಂದು ತಲೆಯಾಡಿಸಿದಳು. ನನಗೆ ನಾಚಿಕೆಯಾಯಿತು. ನನ್ನ ಆಸೆಗೋಸ್ಕರ ಇವಳು ಇನ್ನೊಂದು ವಾರ ಹದಿನೇಳು ಸಲ ಒತ್ತಬೇಕೆ?

ಸಹಿ ಹಾಕಿ ಫಾರ್ಮನ್ನು ಅವನತ್ತ ತಳ್ಳಿದೆ.

"ತಪ್ಪೇನೂ ಇಲ್ಲ. ಬೆಳಗ್ಗೆಯಿಂದ ಸುಳ್ಳು ಹೇಳ್ತಿದ್ದೆ, ನೀವು ಹೋಗಬಾರದು ಅಂತ."

ಅವನು ಫಾರ್ಮಿಗೆ ಕೈ ಚಾಚಿದ. ಅಂಗಿಯ ತೋಳು ಹಿಂದೆ ಸರಿಯಿತು. ಅವನ ಮಣಿಕಟ್ಟಿನಲ್ಲೂ ಬಿಳಿ ಟೇಪು. ಗಬಕ್ಕನೆ ಕೈ ಹಿಡಿದು ಓದಿದೆ: ಅವಳಿಗೆ ಹೇಳಬೇಕು.

"ಯಾವಾಗಿಂದ ಇದು?"

"ಒಂಬತ್ತು ದಿನ ಆಯ್ತು. ದಿನಾ ಸ್ನಾನ ಆದ್ಮೇಲೆ ಹೊಸದು ಅಂಟಿಸ್ತೀನಿ."

"ಇಲ್ಲಿನ ಕಾನೂನು ಗೊತ್ತಲ್ಲ?"

ಅವನು ಗೋಡೆ ಗಡಿಯಾರ ನೋಡಿದ. ಎರಡಕ್ಕೆ ಆರು ನಿಮಿಷವಿತ್ತು. ಆಮೇಲೆ ನನ್ನನ್ನು ನೋಡಿ, ಹೇಳಬೇಕಾದದ್ದನ್ನು ತಡವರಿಸುತ್ತಲೇ ಹೇಳಿದ. ಅಜ್ಜಿ ಕಣ್ಣು ಮುಚ್ಚಿಕೊಂಡು ನಿದ್ದೆಯ ನಾಟಕವಾಡಿದಳು.

"ಆ ಊರು ಬಸ್ಸಲ್ಲಿ ಮೂರು ಗಂಟೆ ದೂರ," ಎಂದ ಕೊನೆಗೆ.

"ಭಾನುವಾರ ನನಗೆ ರಜ."

ಬಲಗೈ ಅವನ ಕೈಯನ್ನು ಬಿಟ್ಟಿರಲಿಲ್ಲ. ಎಡಗೈಯಿಂದ ಆ ಟೇಪನ್ನು ಸರ್ರನೆ ಕಿತ್ತೆ. ಕೂದಲೂ ಕಿತ್ತು ಬಂದು ಅವನು ಹಲ್ಲು ಕಚ್ಚಿದ.

"ದಾಖಲಾಯ್ತು," ಎಂದೆ.