ಡಾಕ್ಟರ ತಾತನ ಪಿಸ್ತೂಲು

ಬೆಳಿಗ್ಗೆ ಒಂಬತ್ತಕ್ಕೆ ಠಾಣೆಗೆ ಬಂದ ಬಂದೂಕು ರಿಪೇರಿ ಮೇಸ್ತ್ರಿ, ತನ್ನ ಅಂಗಡಿಯ ಬೀಗ ಕತ್ತರಿಸಿ ಯಾರೋ ಹಳೆಯ ಪಿಸ್ತೂಲೊಂದನ್ನು ಕದ್ದೊಯ್ದಿದ್ದಾರೆಂದು ದೂರು ಕೊಟ್ಟ. ಪಿಸ್ತೂಲು ಪಕ್ಕದ ಬೀದಿಯ ಡಾಕ್ಟರದು. ಅವರ ತಾತನ ಕಾಲದ್ದು, ನಳಿಗೆಯ ಮೇಲೆ ತಾತನ ಹೆಸರೇ ಕೆತ್ತಿತ್ತು. ತುಕ್ಕು ತೆಗೆದು ಸ್ಪ್ರಿಂಗ್ ಬದಲಿಸಲು ಕೊಟ್ಟಿದ್ದರು. ಕೆಲಸ ಮುಗಿದಿತ್ತು, ಅಂದರೆ ಈಗ ಗುಂಡು ಹಾರುತ್ತಿತ್ತು. ಇನ್‌ಸ್ಪೆಕ್ಟರ್ ತಟ್ಟನೆ ಎದ್ದು ನಿಂತ. ಅದು ಯಾರ ಕೈ ಸೇರಿದೆಯೋ, ಇವತ್ತು ಯಾರ ಹಣೆಬರಹ ಕೆಟ್ಟಿದೆಯೋ!

ಎಫ್‌ಐಆರ್ ದಾಖಲಾಯಿತು. ಡಾಕ್ಟರನ್ನು ಕರೆಸಿದರೆ ಅವರು ಕೂಗಾಡಲಿಲ್ಲ, ಮೇಸ್ತ್ರಿಗೆ ಪೆಟ್ಟಾಗಿಲ್ಲ ತಾನೇ ಎಂದು ಮಾತ್ರ ವಿಚಾರಿಸಿದರು. ಕೂಗಾಡದವರನ್ನು ಕಂಡರೆ ಇನ್‌ಸ್ಪೆಕ್ಟರನಿಗೆ ಅನುಮಾನ ಜಾಸ್ತಿ. ಇವರೇ ಏನೋ ಆಟ ಕಟ್ಟಿದ್ದಾರೆ ಎಂದು ದಫೇದಾರನ ಕಿವಿಯಲ್ಲಿ ಗೊಣಗಿ ಅಂಗಡಿಗೆ ಹೊರಟ.

ಅಂಗಡಿಯಲ್ಲಿ ದಫೇದಾರ ಪಂಚನಾಮೆ ಬರೆಯುತ್ತಿದ್ದ. ಇನ್‌ಸ್ಪೆಕ್ಟರ್ ಕತ್ತರಿಸಿದ ಬೀಗವನ್ನು ಕೈಗೆತ್ತಿಕೊಂಡು ಕೊಂಡಿಯ ತುದಿಯ ಮೇಲೆ ಹೆಬ್ಬೆರಳು ಆಡಿಸಿದ. ನುಣ್ಣಗಿತ್ತು. ಗರಗಸ ತಾಗಿದ ಕಬ್ಬಿಣ ಕೈ ಕೊಯ್ಯಬೇಕಲ್ಲವೇ? ಇಲ್ಲಿ ಯಾರೋ ಅರ ಹಿಡಿದು ಅಂಚನ್ನು ನೀಟಾಗಿ ಸವರಿದ್ದರು. ಯಾವ ಕಳ್ಳನಿಗಪ್ಪಾ ಅಷ್ಟು ಪುರುಸೊತ್ತು!

"ಮೇಸ್ತ್ರಿ, ಕಬ್ಬಿಣ ಕೊಯ್ದ ಮೇಲೆ ಏನ್ ಮಾಡ್ತೀರಿ?"

"ಅಂಚು ಸವರ್ತೀನಿ ಸಾರ್. ಇಲ್ದಿದ್ರೆ ಮುಟ್ಟಿದವರ ಕೈ ಕುಯ್ಯುತ್ತೆ."

ಇನ್‌ಸ್ಪೆಕ್ಟರ್ ಕೊಂಡಿಯನ್ನು ಅವನ ಕೈಗಿಟ್ಟ. ಅಂಚಿನ ಮೇಲೆ ಬೆರಳಾಡಿಸಿ ಮೇಸ್ತ್ರಿ ತಲೆ ತಗ್ಗಿಸಿದ.

"ಪಿಸ್ತೂಲೆಲ್ಲಿ?"

ಮೇಸ್ತ್ರಿ ಮೂಲೆಯ ಮರದ ಹೊಟ್ಟಿನ ಚೀಲದೊಳಗೆ ಕೈ ಹಾಕಿ ಎಣ್ಣೆಬಟ್ಟೆಯ ಗಂಟನ್ನು ತೆಗೆದುಕೊಟ್ಟ. ನಳಿಗೆ ಹೊಸದರಂತೆ ಫಳಫಳ ಹೊಳೆಯುತ್ತಿತ್ತು. ತಾತನ ಹೆಸರು ಮಾತ್ರ ಇರಲಿಲ್ಲ.

ವರ್ಷದಿಂದ ಮೇಸ್ತ್ರಿಯ ಕಣ್ಣಿಗೆ ಪೊರೆ ಬಂದಿತ್ತಂತೆ. ಹೇಳಿದರೆ ಬಂದೂಕನ್ನು ಯಾರು ಕೈಗೆ ಕೊಡುತ್ತಾರೆ? ಬೆರಳಿನ ಅಂದಾಜಿನಲ್ಲೇ ಕೆಲಸ ನಡೆಸಿದ್ದ. ಕೆತ್ತಿದ ಅಕ್ಷರಗಳನ್ನು ತುಕ್ಕಿನ ಗುಳಿಗಳೆಂದುಕೊಂಡು ಉಜ್ಜಿ ಉಜ್ಜಿ ತೆಗೆದಿದ್ದ. ಕೊನೆಗೆ ಹೆಸರಿಗಾಗಿ ತಡವಿದಾಗಲೇ ತಪ್ಪು ಗೊತ್ತಾಗಿದ್ದು.

"ಕಳ್ಕೊಂಡ್ರೆ ಕಳ್ಳನ ತಪ್ಪು ಸಾರ್. ಅಳಿಸಿಬಿಟ್ರೆ ನಂದು."

ಮಧ್ಯಾಹ್ನ ಮೂರಕ್ಕೆ ಬಂಧನವಾಯಿತು: ಸುಳ್ಳು ದೂರು, ಆಯುಧ ಬಚ್ಚಿಟ್ಟದ್ದು. ಬೆಳಿಗ್ಗೆಯೆಲ್ಲ ಡಾಕ್ಟರನ್ನೇ ಅನುಮಾನಿಸಿದ್ದಕ್ಕೆ ಇನ್‌ಸ್ಪೆಕ್ಟರನಿಗೆ ನಾಚಿಕೆಯಾಯಿತು. ಸಹಿ ಹಾಕುವ ಜಾಗವನ್ನು ತಾನೇ ಮೇಸ್ತ್ರಿಯ ಬೆರಳಿಗೆ ಮುಟ್ಟಿಸಿ ತೋರಿಸಿದ. ಮನೆಗೆ ಸುದ್ದಿ ಮುಟ್ಟಿಸಬೇಕು, ನಿಮ್ಮ ಹೆಂಡತಿಗೆ ಏನು ಹೇಳಲಿ ಎಂದು ಕೇಳಿದ.

"ಪಿಸ್ತೂಲು ಕದ್ದ ಅಂತ ಹೇಳಿ ಸಾರ್," ಎಂದ ಮೇಸ್ತ್ರಿ. "ಕಣ್ಣಿನ ವಿಷಯ ಬೇಡ."